ರೇಡಿಯೋ ಸುಮ್ಮನಾದ ಮೇಲೆ

“ಕಿವಿ ಚೆನ್ನಾಗಿದೆಯಮ್ಮ. ತೊಂದರೆ ಇರೋದು ಇಲ್ಲಿ,” ಎಂದು ಮಕ್ಕಳ ನರರೋಗದ ಡಾಕ್ಟರು ಮೆದುಳಿನ ಅಲೆ ತೋರಿಸುವ ಪರದೆಯ ಕಡೆ ಕೈ ತೋರಿಸಿದರು. ಪಕ್ಕದ ಮಂಚದಲ್ಲಿ ಐದು ವರ್ಷದ ಹುಡುಗಿ ತಲೆಯ ತುಂಬ ತಂತಿ ಅಂಟಿಸಿಕೊಂಡು ಮಲಗಿದ್ದಳು. ಅವಳು ನಿದ್ದೆಗೆ ಜಾರಿದ್ದೇ ತಡ, ಪರದೆಯ ಮೇಲಿನ ಗೆರೆಗಳು ಹುಚ್ಚೆದ್ದು ಕುಣಿಯತೊಡಗಿದ್ದವು.

“ಮತ್ತೆ ಕರೆದರೆ ತಿರುಗಿಯೂ ನೋಡಲ್ವಲ್ಲ ಡಾಕ್ಟರೇ?” ಎಂದಳು ತಾಯಿ.

“ಸದ್ದು ಕೇಳಿಸುತ್ತೆ. ಅದು ಮಾತು ಅಂತ ಮೆದುಳಿಗೆ ತಿಳೀತಿಲ್ಲ. ಫಿಟ್ಸ್ ಅಂದ್ರೆ ಕೈಕಾಲು ಅದುರಲೇಬೇಕು ಅಂತೇನಿಲ್ಲ. ಇವಳಿಗೆ ನಿದ್ದೇಲಿ ಒಳಗೊಳಗೇ ಬರ್ತಿದೆ. ಅದೇ ಮಾತನ್ನ ತಿಂದು ಹಾಕಿದೆ.”

“ವಾಪಸ್ ಬರುತ್ತಾ?”

“ಕೆಲವರಿಗೆ ಪೂರ್ತಿ ಬರುತ್ತೆ, ಕೆಲವರಿಗೆ ಅರ್ಧ. ಸುಳ್ಳು ಹೇಳಿ ಸಮಾಧಾನ ಮಾಡಲ್ಲ. ಔಷಧಿ ಮಾತ್ರ ಒಂದು ಹೊತ್ತೂ ತಪ್ಪಿಸಬೇಡಿ.”

ಅರಳು ಹುರಿದಂತೆ ಮಾತಾಡುತ್ತಿದ್ದ ಮಗು ಅದು. ಅಪ್ಪ ಅವಳನ್ನು ‘ರೇಡಿಯೋ’ ಎಂದೇ ಕರೆಯುತ್ತಿದ್ದ. ಮೀನು ಮಲಗುವಾಗ ದಿಂಬು ಬೇಡವೇ, ಇರುವೆಗೆ ಮೊಣಕಾಲು ಇದೆಯೇ ಎಂದು ತಲೆ ತಿನ್ನುತ್ತಿದ್ದಳು. ಈಗ ಊಟಕ್ಕೆ ಕೂತಾಗ ಗಂಡ ಹೆಂಡತಿ ಆ ಪ್ರಶ್ನೆಗಳನ್ನೇ ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದರು. ನಕ್ಕು ಮುಗಿದ ಮೇಲೆ ಇಬ್ಬರಿಗೂ ತುತ್ತು ಇಳಿಯುತ್ತಿರಲಿಲ್ಲ. ಬೀದಿಯಲ್ಲಿ ಯಾರ ಮಗು “ಅಮ್ಮಾ” ಎಂದರೂ ತಾಯಿಯ ಕತ್ತು ತಾನಾಗಿಯೇ ಹೊರಳುತ್ತಿತ್ತು.

ಔಷಧಿ ಶುರುವಾಗಿ ವಾರಗಳು ಕಳೆದವು. ಅದರ ದೆಸೆಯಿಂದ ಮಗುವಿನ ಕೆನ್ನೆ ಊದಿಕೊಂಡಿತು, ಹಸಿವು ಹೆಚ್ಚಿತು, ಮಾತು ಮಾತ್ರ ಇಲ್ಲ. ವಿಷದಂಥ ಕಹಿ ಔಷಧಿಯನ್ನೂ ಗೊಂಬೆಯ ಹಾಗೆ ಬಾಯಿ ತೆರೆದು ಕುಡಿದುಬಿಡುತ್ತಿದ್ದಳು. ಹಟವನ್ನಾದರೂ ಮಾಡಬಾರದೇ ಎಂದು ತಾಯಿಯ ಜೀವ ಹಂಬಲಿಸುತ್ತಿತ್ತು.

ಒಂದು ಬೆಳಿಗ್ಗೆ ಚಮಚ ಹತ್ತಿರ ಬಂದದ್ದೇ ಮಗು ಮುಖ ತಿರುಗಿಸಿತು.

“ಬೇಡ.”

ಔಷಧಿ ತಾಯಿಯ ಸೆರಗಿನ ಮೇಲೆ ಚೆಲ್ಲಿತು. “ರೀ! ಬೇಗ ಬನ್ರೀ ಇಲ್ಲಿ!”

ಅರ್ಧ ಕೆನ್ನೆಯ ಸೋಪಿನ ನೊರೆಯೊಂದಿಗೇ ಗಂಡ ಓಡಿ ಬಂದ. “ಏನಾಯ್ತೇ?”

“ಔಷಧಿ ಬೇಡ ಅಂತಾಳೆ!”

“ಬೇಡ ಅಂದ್ರೆ ಬಿಡೋಕಾಗುತ್ತಾ? ಡಾಕ್ಟರು ಬೈ...” ಅಷ್ಟರಲ್ಲಿ ಅವನಿಗೆ ಹೊಳೆಯಿತು. “ಅಂದಳಾ? ಬಾಯಿ ಬಿಟ್ಟು ಅಂದಳಾ?” ಮಗಳ ಎದುರಿಗೇ ನೆಲದ ಮೇಲೆ ಕೂತ.

ಮತ್ತೆ ಚಮಚ ತುಂಬಿಸಿ, ರಮಿಸಿ, ಇಬ್ಬರೂ ಸೇರಿ ಹೇಗೋ ಕುಡಿಸಿದರು. ಮಗು ಮುಖ ಕಿವುಚಿ ಬಾಯಿ ಒರೆಸಿಕೊಂಡಿತು. ‘ಅಮ್ಮಾ’ ಇನ್ನೂ ಬಂದಿರಲಿಲ್ಲ. ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ತಾಯಿ ಮಗಳ ತುಟಿಗಳನ್ನೇ ನೋಡುತ್ತ, ಖಾಲಿ ಚಮಚವನ್ನು ಮೆಲ್ಲಗೆ ಮತ್ತೊಮ್ಮೆ ಅವಳ ಬಾಯಿಯ ಹತ್ತಿರ ಹಿಡಿದಳು.