ಎತಗೆನ್ ಅಕ್ಕನ ಕೈತುತ್ತು

ಎತಗೆನ್ ಅಕ್ಕನ ಕೈ ಸೊಸಿನಾಳ ಬಾಯಿಯ ಮುಂದೆಯೇ ನಿಂತಿತ್ತು. ಬೆರಳುಗಳ ನಡುವೆ ಇಂಜೆರಾ ರೊಟ್ಟಿಯ ಚೂರು, ಅದರೊಳಗೆ ಮಡಚಿದ ಹಸಿ ಲೆಟ್ಯೂಸ್ ಎಲೆ. ಎಲೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅದು ಸೊಪ್ಪು ಬಾಡದಿರಲೆಂದು ಚಿಮುಕಿಸಿದ, ಜಿಮ್ಮಾ ಪೇಟೆಯ ಹಿಂದಿನ ಕಾಲುವೆಯ ನೀರು. ಎತಗೆನ್‌ಳ ಇದೇ ಸೊಪ್ಪಿನಂಗಡಿಯ ಎಲೆಗಳನ್ನು ಪ್ರಯೋಗಾಲಯಕ್ಕೆ ಒಯ್ದು, ಜಂತುಹುಳುವಿನ ಮೊಟ್ಟೆಗಳನ್ನು ಡಾಕ್ಟರ್ ಸೊಸಿನಾ ಒಂದೊಂದಾಗಿ ಎಣಿಸಿದ್ದಳು.

"ತಿನ್ನು ತಾಯಿ," ಎಂದಳು ಎತಗೆನ್, ಅಕ್ಕಪಕ್ಕದವರಿಗೂ ಕೇಳುವಂತೆ. "ಮಾಂಸ ಮುಟ್ಟದ ಉಪವಾಸದ ಶುಕ್ರವಾರ, ಸೊಪ್ಪು ಖರ್ಚಾಗೋ ದಿನ. ಹುಳ ಹುಳ ಅಂತ ಗಿರಾಕಿಗಳನ್ನ ಓಡಿಸಿದ್ದಾಯ್ತು. ನನ್ನ ಕೈತುತ್ತೂ ಬೇಡ್ವಾ?"

"ಕೊಳಾಯಿ ಐವತ್ತು ಹೆಜ್ಜೆ ದೂರದಲ್ಲಿದೆ ಅಕ್ಕಾ. ಆ ನೀರು ತಂದು ಚಿಮುಕಿಸಿ ಅಂದೆ, ಅಷ್ಟೇ."

"ನಾನು ಅಲ್ಲಿ ಸಾಲಲ್ಲಿ ನಿಂತ್ರೆ ಇಲ್ಲಿ ನೀನು ಮಾರ್ತೀಯಾ?"

"ಓದಿದವರ ಬಾಯಿ ಬುದ್ಧಿ ಹೇಳೋಕೆ ಮಾತ್ರ ತೆರೆಯೋದು ಕಣೇ!" ಎಂದು ಪಕ್ಕದಲ್ಲಿ ಮೆಣಸಿನಕಾಯಿ ಮಾರುವವಳು ನಕ್ಕಳು.

ಮೂರು ತಿಂಗಳು ಅಲೆದು ಸೊಸಿನಾ ಕೊಳಾಯಿ ನೀರಿಗೆ ಒಪ್ಪಿಸಿದ್ದು ನಾಲ್ಕೇ ಜನ ವ್ಯಾಪಾರಿಗಳನ್ನು. ಬಾಯಿಗೆ ಹಿಡಿದ ತುತ್ತನ್ನು ತಳ್ಳುವುದು ಇಲ್ಲಿ ದೊಡ್ಡ ಅವಮಾನ; ತಳ್ಳಿದರೆ ಆ ನಾಲ್ವರೂ ನಾಳೆಯಿಂದ ಅವಳ ಮಾತು ಕೇಳುವುದಿಲ್ಲ. ತಿಂದರೆ ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಎತಗೆನ್ ತುತ್ತನ್ನು ಇನ್ನಷ್ಟು ಹತ್ತಿರ ತಂದಳು. ಇಷ್ಟು ಜನರೆದುರು ಕೈ ಹಿಂದಕ್ಕೆ ತೆಗೆಯುವುದು ಅವಳಿಗೂ ಸಾಧ್ಯವಿರಲಿಲ್ಲ. ಸೊಸಿನಾ ಬಾಯಿ ತೆರೆದಳು, ಅಗಿದಳು, ನುಂಗಿದಳು. ಹೆಂಗಸರು ಚಪ್ಪಾಳೆ ತಟ್ಟಿದರು.

"ಇನ್ನಾದ್ರೂ ಕೊಳಾಯಿ ನೀರು..." ಎಂದು ಅವಳು ಶುರುಮಾಡುವಷ್ಟರಲ್ಲಿ ಬಸುರಿಯೊಬ್ಬಳು ಅವಳನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ಬುಟ್ಟಿ ಮುಂದೆ ಚಾಚಿದಳು.

"ಡಾಕ್ಟ್ರೇ ತಿಂದ್ರಲ್ಲ! ನಂಗೆ ಮೂರು ಕಟ್ಟು ಕೊಡಕ್ಕಾ."