ಪರೀಕ್ಷೆಗೆ ಕೊಟ್ಟ ನೀರು

ವಿಶ್ವವಿದ್ಯಾಲಯವು ವಯಸ್ಸಾದವರಿಗೂ ಬಾಗಿಲು ತೆರೆದ ನೀರು ಪರೀಕ್ಷೆಯ ಕೋರ್ಸಿಗೆ ಹಾಲಪ್ಪ ಅರವತ್ತಮೂರನೇ ವಯಸ್ಸಿನಲ್ಲಿ ಸೇರಿದಾಗ ಊರೆಲ್ಲ ನಕ್ಕಿತ್ತು. ಅವನು ಯಾರಿಗೂ ಕಾರಣ ಹೇಳಲಿಲ್ಲ. ಮೊಮ್ಮಗಳ ಕೈಮೇಲಿನ ಹುಣ್ಣು ವರ್ಷವಾದರೂ ಮಾಯುತ್ತಿರಲಿಲ್ಲ.

ಕೊನೆಯ ಪ್ರಾಕ್ಟಿಕಲ್ಲಿಗೆ ಎಲ್ಲರೂ ತಮ್ಮ ಮನೆಯ ನೀರು ತರಬೇಕಿತ್ತು. ಹಾಲಪ್ಪ ತನ್ನ ಬಾವಿಯ ನೀರನ್ನು ಗಾಜಿನ ನಳಿಕೆಗೆ ಸುರಿದು, ಕಲಿತಂತೆಯೇ ಹನಿ ಹನಿಯಾಗಿ ರಾಸಾಯನಿಕ ಬಿಟ್ಟ. ನೋಡನೋಡುತ್ತಲೇ ನೀರು ನೇರಳೆಯಾಯಿತು. ಅದು ವಿಷದ ಬಣ್ಣವೆಂದು ಅವನಿಗೀಗ ಯಾರೂ ಹೇಳಬೇಕಿರಲಿಲ್ಲ.

ಮೇಡಂ ನಳಿಕೆಯನ್ನು ಬೆಳಕಿಗೆ ಹಿಡಿದರು. "ಇದನ್ನ ಮನೇಲಿ ಕುಡೀತಾ ಇದ್ದೀರಾ?"

"ಹೂಂ ಮೇಡಂ, ನಮ್ಮ ತಾತನ ಕಾಲದಿಂದ್ಲೂ. ಎರಡ್ಮೂರು ವರ್ಷದ ಹಿಂದಿನ್ ತನಕ ಎಳನೀರಿನಂಗಿತ್ತು."

"ಹತ್ತಿರದಲ್ಲಿ ಬಣ್ಣದ ಫ್ಯಾಕ್ಟರಿ ಏನಾದ್ರೂ ಇದೆಯಾ?"

"ಐತೆ. ಇಪ್ಪತ್ತು ವರ್ಷ ಅಲ್ಲೇ ದುಡಿದು ರಿಟೈರಾದೆ."

ಮೇಡಂ ಕಂಪ್ಯೂಟರಿನಲ್ಲಿ ಆ ಫ್ಯಾಕ್ಟರಿಯ ಹಳೆಯ ವರದಿಗಳನ್ನು ಹುಡುಕಿ ತೆಗೆದರು. ಓದುತ್ತ ಓದುತ್ತ ಅವರ ಹುಬ್ಬು ಗಂಟಾಯಿತು.

"ಅವರು ಹೊರಗೆ ಬಿಡೋ ನೀರನ್ನ ಪ್ರತಿ ತಿಂಗಳೂ ಪರೀಕ್ಷೆ ಮಾಡಿದ್ದಾರಲ್ಲ ಹಾಲಪ್ಪನವರೇ! ಇಪ್ಪತ್ತು ವರ್ಷದಲ್ಲಿ ಒಂದು ಸಲಾನೂ ದೋಷ ಸಿಕ್ಕಿಲ್ಲ. ಇಷ್ಟು ಶುದ್ಧ ನೀರು ಬಿಟ್ಟೋರು ನಿಮ್ಮ ಬಾವಿ ಹೇಗೆ ಕೆಡಿಸ್ತಾರೆ?"

ಹಾಲಪ್ಪ ನಳಿಕೆಯನ್ನು ಕೈಗೆತ್ತಿಕೊಂಡ.

"ಪರೀಕ್ಷೆ ಬಾಟ್ಲಿ ತುಂಬಿಸ್ತಿದ್ದೋನು ನಾನೇ ಮೇಡಂ," ಎಂದ. "ಎಲ್ಲಿಂದಾದ್ರೂ ಒಳ್ಳೆ ನೀರು ತಾ ಅಂತಿದ್ರು ಸಾಹೇಬ್ರು. ತಿಂಗಳು ತಿಂಗಳೂ ಈ ಬಾವೀದೇ ಒಯ್ದು ಕೊಡ್ತಿದ್ದೆ."