ನೆಲ ಒರೆಸುವವಳ ಬೆನ್ನು

"ಭಲೇ! ಬೆನ್ನು ಅಂದ್ರೆ ಇದು ನೋಡಿ!" ಎಂದು ಚಿತ್ರದ ಮೇಷ್ಟ್ರು ಕೂಗಿದಾಗ, ಹೊಗಳಿದ್ದು ತನ್ನನ್ನೇ ಎಂದು ಅಂಗಡಿ ಬೋರ್ಡ್ ಬರೆಯುವವನು ಎದ್ದು ನಿಂತ. ಮೇಷ್ಟ್ರು ನಿಂತಿದ್ದು ಪಕ್ಕದಲ್ಲಿ, ಅವನ ಹೆಂಡತಿಯ ಚಿತ್ರದೆದುರು.

ಕ್ಲಾಸಿನಲ್ಲಿ ಎಲ್ಲರೂ ನೋಡಿ ಬರೆಯಬೇಕಾದದ್ದು ಒಂದೇ ಚಿತ್ರ: ಮಂಡಿಯೂರಿ ನೆಲ ಒರೆಸುವ ಹೆಂಗಸು. "ತದ್ರೂಪು ಬೇಡ, ಕೆಲಸದ ಭಾರ ಕಾಣ್ಬೇಕು. ಚೆನ್ನಾಗಿ ಬಂದದ್ದನ್ನ ಬಾಗಿಲೆದುರಿನ ಗೋಡೆಗೆ ಹಾಕ್ತೀನಿ" ಎಂದಿದ್ದರು ಮೇಷ್ಟ್ರು. ಆ ಗೋಡೆ ತನ್ನದೇ ಎಂದುಕೊಂಡಿದ್ದ ಇವನು. ಮೂವತ್ತು ವರ್ಷ ಅಂಗಡಿ ಬೋರ್ಡ್ ಬರೆದ ಕೈ. ಗೆರೆ ಕೂದಲೆಳೆಯಷ್ಟೂ ಅಲುಗದು. ಹೆಂಡತಿ ಬಂದದ್ದು ಬರೀ ಜೊತೆಗೆ. ಬ್ರಷ್ ಹಿಡಿದು ಹದಿನೈದು ದಿನ ಆಗಿಲ್ಲ, ಆಗಲೇ ಭಲೇ ಅಂತೆ! ಅವನ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಬೇಕು.

"ನಿನ್ನ ನೆಲ ಡೊಂಕಾಗಿದೆ ಕಣೇ."

"ಕುಣಿಯೋಕೆ ಬರದವ್ರಿಗೆ ನೆಲ ಯಾವತ್ತೂ ಡೊಂಕೇ ರೀ. ಬನ್ನಿ, ಟೀ ಕುಡಿಯೋಣ."

"ನಂಗ್ಯಾವ ಟೀನೂ ಬೇಡ."

ಎಲ್ಲರೂ ಹೊರಹೋದರು. ಅವನು ತನ್ನ ಚಿತ್ರ ನೋಡಿದ. ಮೂಗು, ಬೆರಳು, ಬಕೆಟ್ಟಿನ ಹಿಡಿ, ಎಲ್ಲ ಅಚ್ಚುಕಟ್ಟು. ಆದರೆ ಆ ಹೆಂಗಸು ನೆಲ ಒರೆಸುತ್ತಿರಲಿಲ್ಲ, ಫೋಟೋಗೆ ಕೂತಿದ್ದಳು. ಹೆಂಡತಿ ಬರೆದವಳಿಗೆ ಮೂಗೇ ಇರಲಿಲ್ಲ, ಹಾಳಾದವಳು ಏದುಸಿರು ಬಿಡುತ್ತಿದ್ದಳು! ಅವನು ದಪ್ಪ ಬ್ರಷ್ಷನ್ನು ಕಡುನೀಲಿಯಲ್ಲಿ ಅದ್ದಿ, ಹೆಂಡತಿಯ ಚಿತ್ರದಲ್ಲಿ ಇನ್ನೂ ಹಸಿಯಾಗಿದ್ದ ಆ ಬೆನ್ನಿನ ಮೇಲೆ ಹೆಗಲಿಂದ ಸೊಂಟದವರೆಗೆ ಒಂದೇ ಏಟಿಗೆ ಎಳೆದುಬಿಟ್ಟ. ಹಾಳಾಗಿ ಹೋಗಲಿ! ಆದರೆ ಕೈಯ ಅಭ್ಯಾಸ ಎಲ್ಲಿ ಬಿಡುತ್ತದೆ? ಬೋರ್ಡಿನ 'ಕು'ಗೆ ಕೊಡುವ ಕೊಂಬಿನ ಹಾಗೆ ಗೆರೆಯ ತುದಿ ಮೇಲಕ್ಕೆ ಸುತ್ತಿಕೊಂಡಿತು.

ಮರಳಿ ಬಂದ ಮೇಷ್ಟ್ರು ಲೋಟ ಹಿಡಿದೇ ನಿಂತುಬಿಟ್ಟರು. "ಅಯ್ಯಯ್ಯೋ, ಇದನ್ನ ಯಾವಾಗ ಹಾಕಿದ್ರಮ್ಮಾ? ಕೆಲಸದ ಭಾರವೆಲ್ಲ ಬೆನ್ನಿಗೆ ಇಳಿದುಬಿಡ್ತಲ್ಲ! ಈ ಒಂದು ಗೆರೆಗೇ ಗೋಡೆ ನಿಮ್ಮದು."

ಹೆಂಡತಿ ಗೆರೆಯ ತುದಿಯ ಕೊಂಬನ್ನು ನೋಡಿದಳು, ಆಮೇಲೆ ಗಂಡನನ್ನು. "ನಾನಲ್ಲ ಸಾರ್, ನಮ್ಮನೆಯವರು ಹಾಕಿದ್ದು."

"ಗಂಡನ್ನ ಬಿಟ್ಟುಕೊಡಲ್ಲ ನೀವು!" ಮೇಷ್ಟ್ರು ನಕ್ಕರು. "ಅವ್ರ ಕೈ ನಂಗೊತ್ತಿಲ್ವಾ? ಇಂಥ ಧೈರ್ಯ ಅವರಿಗೆಲ್ಲಿಂದ ಬರ್ಬೇಕು?" ಚಿತ್ರ ಎತ್ತಿಕೊಂಡು ಗೋಡೆಯತ್ತ ಹೊರಟೇಬಿಟ್ಟರು.

ನಾನೇ ಹಾಕಿದ್ದು ಎನ್ನೋಣವೆಂದರೆ, ಯಾಕೆ ಹಾಕಿದೆ ಎಂದೂ ಹೇಳಬೇಕು. ಅವನು ನೀಲಿ ಹತ್ತಿದ ಬೆರಳುಗಳನ್ನು ಮಡಚಿಕೊಂಡ.

ಹೆಂಡತಿ ಅವನ ಬೆರಳ ನೀಲಿಯನ್ನು ಬಟ್ಟೆಯಲ್ಲಿ ಒರೆಸುತ್ತ ಮೆಲ್ಲಗೆ ಹೇಳಿದಳು: "ಹೊಟ್ಟೆ ಉರಿದಾಗ ಎಷ್ಟು ಚೆನ್ನಾಗಿ ಬರೀತೀರಿ ರೀ! ನಾಳೆ ನಿಮ್ಮ ಚಿತ್ರದ ಮೇಲೇ ಉರ್ಕೊಳ್ಳಿ."